ಫೋರ್ಟ್ ಎಂಬ ಊರು, ಫೋರ್ಟ್ ಎಂಬ ಸೇನಾ ನೆಲೆ: ಅಮೆರಿಕದ ಜೋಡಿ ಹೆಸರುಗಳ ಗೋಜಲು

ಡಲ್ಲಾಸ್‌ನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರು ಇಳಿಯುವ ವಿಮಾನ ನಿಲ್ದಾಣದ ಪೂರ್ತಿ ಹೆಸರು ಡಲ್ಲಾಸ್ ಫೋರ್ಟ್ ವರ್ತ್. ಫೋರ್ಟ್ ವರ್ತ್ ಎಂಬುದು ಡಲ್ಲಾಸ್ ಪಕ್ಕದ ನಗರ. ಅಲ್ಲಿ ಚಿತ್ರದುರ್ಗದಂಥ ಕೋಟೆ ಇರಬಹುದೆಂದು ಹುಡುಕಿ ಹೊರಟರೆ ನಿರಾಸೆಯೇ ಗತಿ. 1849ರ ಜೂನ್‌ನಲ್ಲಿ ಮೇಜರ್ ರಿಪ್ಲಿ ಆರ್ನಲ್ಡ್ ಎಂಬ ಅಧಿಕಾರಿ ಟ್ರಿನಿಟಿ ನದಿಯ ದಂಡೆಯಲ್ಲಿ ಒಂದು ಸೇನಾ ಠಾಣೆ ಹೂಡಿದ. ಅದಕ್ಕೆ ಜನರಲ್ ವಿಲಿಯಂ ಜೆಂಕಿನ್ಸ್ ವರ್ತ್ ಹೆಸರಿಟ್ಟ. ವರ್ತ್ ಹಿಂದಿನ ತಿಂಗಳಷ್ಟೇ ಸ್ಯಾನ್ ಆಂಟೋನಿಯೊದಲ್ಲಿ ಕಾಲರಾ ಬಡಿದು ತೀರಿಕೊಂಡಿದ್ದ. ತನ್ನ ಹೆಸರಿನ ಠಾಣೆಯನ್ನು ಆತ ನೋಡಲೇ ಇಲ್ಲ. 1853ರಲ್ಲಿ ಸೇನೆ ಅಲ್ಲಿಂದ ಗಂಟುಮೂಟೆ ಕಟ್ಟಿತು. ಬಿಟ್ಟುಹೋದ ಕಟ್ಟಡಗಳಿಗೆ ಜನ ಬಂದು ಸೇರಿಕೊಂಡರು, ಅಂಗಡಿ ಹಾಕಿದರು, ಊರು ಬೆಳೆಯಿತು. ನಾಲ್ಕೇ ವರ್ಷ ಇದ್ದ ಠಾಣೆಯ ಹೆಸರು ಇವತ್ತು ಸುಮಾರು 10 ಲಕ್ಷ ಜನರ ನಗರದ ಹೆಸರು. ಆ ವರ್ತ್‌ನ ಸಮಾಧಿ ಇರುವುದು ಟೆಕ್ಸಸ್‌ನಲ್ಲೂ ಅಲ್ಲ, ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ, ಬ್ರಾಡ್‌ವೇ ಮತ್ತು ಫಿಫ್ತ್ ಅವೆನ್ಯೂ ಕೂಡುವ ಕಡೆ ಇರುವ ಕಲ್ಲಿನ ಸ್ತಂಭದ ಕೆಳಗೆ.

ಅಮೆರಿಕದ ನಕ್ಷೆಯ ತುಂಬ ಇಂಥ ಹೆಸರುಗಳಿವೆ. ಕೆಲವು ಕಡೆ ಸೇನೆ ಹೋಗಿ ಊರು ಉಳಿದಿದೆ. ಕೆಲವು ಕಡೆ ಎರಡೂ ಅಕ್ಕಪಕ್ಕ ಇವೆ. ಇನ್ನು ಕೆಲವು ಕಡೆ ಊರು ಒಂದು ರಾಜ್ಯದಲ್ಲಿ, ಅದೇ ಹೆಸರಿನ ಸೇನಾ ನೆಲೆ ಸಾವಿರಾರು ಮೈಲಿ ಆಚೆ. 2023ರಲ್ಲಿ ಒಂಬತ್ತು ಸೇನಾ ನೆಲೆಗಳ ಹೆಸರು ಬದಲಾಗಿ, 2025ರಲ್ಲಿ ಹಳೆಯ ಹೆಸರುಗಳೇ ಮರಳಿದಾಗಿನಿಂದ ಗೋಜಲು ಇನ್ನೂ ಹೆಚ್ಚಿದೆ. ಫೋರ್ಟ್ ಲೀ ಎಂದಾಗ ಯಾವ ಫೋರ್ಟ್ ಲೀ, ಅದರಲ್ಲಿ ಯಾವ ಲೀ ಎಂದು ಕೇಳಲೇಬೇಕಾಗಿದೆ. ಯಾರು, ಯಾವಾಗ, ಯಾರ ನೆನಪಿಗೆ ಇಟ್ಟ ಹೆಸರು ಎಂದು ಕೇಳಿಕೊಂಡರೆ ಗಂಟು ಸಡಿಲವಾಗುತ್ತದೆ.

ಮೊದಲು ಫೋರ್ಟ್ ಎಂದರೇನು ಎಂಬುದು ತಿಳಿಯಾಗಬೇಕು. ಅಮೆರಿಕದ ಸೇನೆಯ ರೂಢಿಯಲ್ಲಿ ಅದಕ್ಕೆ ಬುರುಜು, ಕಂದಕ, ಗೋಡೆ ಇರಬೇಕೆಂಬ ಕಟ್ಟಳೆ ಇಲ್ಲ. ಕಾಯಂ ನೆಲೆಯಾದರೆ ಫೋರ್ಟ್, ತಾತ್ಕಾಲಿಕವಾದರೆ ಕ್ಯಾಂಪ್. ನಮಗೆ ಬೆಂಗಳೂರಿನಿಂದ ಪರಿಚಿತವಾದ ಕಂಟೋನ್ಮೆಂಟ್ ಎಂಬ ಮಾತೂ ಅಲ್ಲಿ ಬಳಕೆಯಲ್ಲಿತ್ತು. 1827ರಲ್ಲಿ ಕರ್ನಲ್ ಹೆನ್ರಿ ಲೆವೆನ್‌ವರ್ತ್ ಮಿಸ್ಸೂರಿ ನದಿಯ ದಡದಲ್ಲಿ ಹೂಡಿದ ನೆಲೆ ಮೊದಲು ಕಂಟೋನ್ಮೆಂಟ್ ಲೆವೆನ್‌ವರ್ತ್ ಆಗಿತ್ತು, 1832ರಲ್ಲಿ ಫೋರ್ಟ್ ಲೆವೆನ್‌ವರ್ತ್ ಆಯಿತು. ಇವತ್ತಿನ ದೊಡ್ಡ ಫೋರ್ಟ್‌ಗಳು ಸಾವಿರಾರು ಎಕರೆಯಲ್ಲಿ ಹರಡಿವೆ. ಒಳಗೆ ಮನೆಗಳು, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಇರುತ್ತವೆ. ಹೊರನೋಟಕ್ಕೆ ಅದೂ ಒಂದು ಊರೇ.

ಆದರೆ ಕಾನೂನಿನ ಕಣ್ಣಿಗೆ ಊರಲ್ಲ. ನಗರವೆಂಬುದು ರಾಜ್ಯದ ಕಾನೂನಿನಡಿ ಹುಟ್ಟಿದ್ದು, ಅದಕ್ಕೆ ಜನ ಆರಿಸಿದ ಮೇಯರ್, ನಗರಸಭೆ ಇರುತ್ತದೆ. ಸೇನಾ ನೆಲೆ ಒಕ್ಕೂಟ ಸರ್ಕಾರದ ಜಾಗ. ಅಲ್ಲಿ ನಡೆಯುವುದು ಕಮಾಂಡರ್ ಆಡಳಿತ, ಅದರ ಹೆಸರು ತೀರ್ಮಾನವಾಗುವುದು ವಾಷಿಂಗ್ಟನ್‌ನಲ್ಲಿ. ಕ್ಯಾನ್ಸಸ್‌ನ ಅದೇ ಲೆವೆನ್‌ವರ್ತ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ನೆಲೆ ಶುರುವಾಗಿ 27 ವರ್ಷಗಳ ಮೇಲೆ, 1854ರಲ್ಲಿ, ಅದರ ಪಕ್ಕದಲ್ಲೇ ಲೆವೆನ್‌ವರ್ತ್ ಎಂಬ ಪಟ್ಟಣ ಹುಟ್ಟಿತು. ಅಮೆರಿಕದಲ್ಲಿ ಲೆವೆನ್‌ವರ್ತ್ ಎಂದರೆ ಜೈಲು ಎಂದೇ ಪ್ರತೀತಿ. ಯಾವ ಜೈಲು ಎಂದು ಕೇಳಿದರೆ ಉತ್ತರ ಎರಡು. ಪಟ್ಟಣದಲ್ಲಿರುವುದು ಸಾಮಾನ್ಯ ಅಪರಾಧಿಗಳ ಒಕ್ಕೂಟ ಸರ್ಕಾರದ ಕಾರಾಗೃಹ. ಸೇನಾ ನೆಲೆಯೊಳಗಿರುವುದು ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ ಸೈನಿಕರ ಸೆರೆಮನೆ. ಬೇರೆ ಬೇರೆ ಕಾನೂನು, ಬೇರೆ ಬೇರೆ ಕೈದಿಗಳು. ಸುದ್ದಿಗಳಲ್ಲಿ ಮಾತ್ರ ಎರಡೂ ಪದೇ ಪದೇ ಕಲಸಿಹೋಗುತ್ತವೆ.

ಗಡಿಭಾಗದ ಠಾಣೆಗಳ ಕಾಲದಲ್ಲಿ ಹೆಸರಿಡುವುದು ಬಹುಮಟ್ಟಿಗೆ ಅಧಿಕಾರಿಗಳ ಮರ್ಜಿ. ಮೇಲಧಿಕಾರಿಯ ಹೆಸರು, ಯುದ್ಧದಲ್ಲಿ ಸತ್ತ ಗೆಳೆಯನ ಹೆಸರು, ರಾಜಕಾರಣಿಯ ಹೆಸರು, ಕೆಲವೊಮ್ಮೆ ಬೀಗತನದ ಹೆಸರು. ಫ್ಲೋರಿಡಾದ ಫೋರ್ಟ್ ಮೈಯರ್ಸ್ ಈ ಕೊನೆಯ ಬಗೆಯದು. ಸೆಮಿನೋಲ್ ಜನರ ವಿರುದ್ಧ ಸೇನೆ ಕಾಳಗ ನಡೆಸುತ್ತಿದ್ದ ಆ ದಿನಗಳಲ್ಲಿ, 1850ರಲ್ಲಿ, ಜನರಲ್ ಡೇವಿಡ್ ಟ್ವಿಗ್ಸ್ ಹೊಸ ಠಾಣೆಗೆ ಅಬ್ರಹಾಂ ಮೈಯರ್ಸ್ ಹೆಸರಿಟ್ಟ. ಮೈಯರ್ಸ್ ಸೇನೆಯ ಸರಬರಾಜು ವಿಭಾಗದ ಅಧಿಕಾರಿ. ಟ್ವಿಗ್ಸ್‌ನ ಮಗಳನ್ನು ಮುಂದೆ ಮದುವೆಯಾದ. ಇದನ್ನು ವರ್ಜೀನಿಯಾದ ಫೋರ್ಟ್ ಮೈಯರ್ ಜತೆ ಗೊಂದಲ ಮಾಡಿಕೊಳ್ಳುವುದು ತೀರಾ ಸುಲಭ, ವ್ಯತ್ಯಾಸ ಒಂದೇ ಅಕ್ಷರದ್ದು. ಅದು ಸೇನೆಯ ಸಂಕೇತ ಸಂವಹನ ದಳವನ್ನು ಕಟ್ಟಿದ ಆಲ್ಬರ್ಟ್ ಮೈಯರ್‌ನ ಹೆಸರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಕ್ಕೆ ತಾಗಿಕೊಂಡಿರುವ ಆ ನೆಲೆಯ ಮೈದಾನದಲ್ಲೇ 1908ರಲ್ಲಿ ಓರ್ವಿಲ್ ರೈಟ್ ಸೇನೆಯ ಮುಂದೆ ತನ್ನ ವಿಮಾನ ಹಾರಿಸಿ ತೋರಿಸಿದ್ದು.

ಸೇನೆ ಹೋದ ಮೇಲೆ ಊರು ಹೆಸರನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದರಲ್ಲೂ ಒಂದೇ ದಾರಿ ಇಲ್ಲ. ಫೋರ್ಟ್ ಲಾಡರ್‌ಡೇಲ್, ಫೋರ್ಟ್ ಸ್ಮಿತ್, ಫೋರ್ಟ್ ಕಾಲಿನ್ಸ್ ಹೆಸರನ್ನು ಇಡಿಯಾಗಿ ಇಟ್ಟುಕೊಂಡವು. ಅಯೋವಾದ ಫೋರ್ಟ್ ಡಿ ಮೊಯ್ನ್ ಫೋರ್ಟ್ ಕಳಚಿಟ್ಟು ಬರೀ ಡಿ ಮೊಯ್ನ್ ಆಯಿತು. ಟೆಕ್ಸಸ್‌ನ ಫೋರ್ಟ್ ಬ್ರೌನ್ ಪಕ್ಕದಲ್ಲಿ ಬ್ರೌನ್ಸ್‌ವಿಲ್ ಬೆಳೆಯಿತು, ಫೋರ್ಟ್ ಪಿಟ್ ಇದ್ದಲ್ಲಿ ಪಿಟ್ಸ್‌ಬರ್ಗ್. ಶಿಕಾಗೊದ ಬುಡದಲ್ಲಿದ್ದದ್ದು 1803ರ ಫೋರ್ಟ್ ಡಿಯರ್‌ಬಾರ್ನ್. ಆದರೆ ಡಿಯರ್‌ಬಾರ್ನ್ ಎಂಬ ನಗರ ಇರುವುದು ಮಿಶಿಗನ್‌ನಲ್ಲಿ, ಫೋರ್ಡ್ ಕಾರು ಕಂಪನಿಯ ಊರು. ಎರಡೂ ಹೆನ್ರಿ ಡಿಯರ್‌ಬಾರ್ನ್ ಎಂಬ ಒಬ್ಬನೇ ಯುದ್ಧ ಮಂತ್ರಿಯ ಹೆಸರು.

ಇನ್ನು ಫೋರ್ಟ್ ವೇನ್. ಇಂಡಿಯಾನಾದಲ್ಲಿ ಅದೊಂದು ದೊಡ್ಡ ನಗರ, ಡೆಟ್ರಾಯಿಟ್‌ನಲ್ಲಿ ನದಿಯ ದಡದ ಹಳೆಯ ಸೇನಾ ಕೋಟೆ. ಎರಡಕ್ಕೂ ಇರುವುದು ಜನರಲ್ ಆಂಥನಿ ವೇನ್‌ನ ಹೆಸರು. 1794ರಲ್ಲಿ ಫಾಲನ್ ಟಿಂಬರ್ಸ್ ಕಾಳಗದಲ್ಲಿ ಸ್ಥಳೀಯ ಬುಡಕಟ್ಟುಗಳ ಒಕ್ಕೂಟವನ್ನು ಸೋಲಿಸಿದ ಆತ ಇಂಡಿಯಾನಾದಲ್ಲಿ ಮೂರು ನದಿಗಳು ಕೂಡುವಲ್ಲಿ ಕೋಟೆ ಕಟ್ಟಿಸಿದ. ಆ ಜಾಗ ಅಲ್ಲಿಯವರೆಗೆ ಬಯಲಾಗಿರಲಿಲ್ಲ. ಅಲ್ಲಿ ಮಯಾಮಿ ಜನರ ಮುಖ್ಯ ಊರಿತ್ತು, ಅದರ ಹೆಸರು ಕೆಕಿಯೊಂಗಾ. ಫೋರ್ಟ್ ಎಂದು ಶುರುವಾಗುವ ಎಷ್ಟೋ ಹೆಸರುಗಳ ಅಡಿಯಲ್ಲಿ ಹೀಗೆ ಇನ್ನೊಂದು ಹೆಸರು ಹೂತುಹೋಗಿದೆ. ಈ ಠಾಣೆಗಳ ಬಗ್ಗೆ ಓದುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

ಓಕ್ಲಹೋಮಾದ ಲಾಟನ್ ನಗರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಪಕ್ಕದ ಸೇನಾ ನೆಲೆ ಫೋರ್ಟ್ ಸಿಲ್, 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದ ಜಾಶುವಾ ಸಿಲ್‌ನ ನೆನಪಿನದು. ಹಾಗಾದರೆ ಲಾಟನ್ ಯಾರು? 1886ರಲ್ಲಿ ಅಪಾಚೆ ನಾಯಕ ಜೆರೋನಿಮೊನ ಬೆನ್ನುಹತ್ತಿ ಮೆಕ್ಸಿಕೊದ ಬೆಟ್ಟಗಳವರೆಗೂ ಹೋದ ಪಡೆಯ ಮುಂದಾಳು ಹೆನ್ರಿ ಲಾಟನ್. ಆತ 1899ರಲ್ಲಿ ಫಿಲಿಪ್ಪೀನ್ಸ್ ಯುದ್ಧದಲ್ಲಿ ಸತ್ತ. ಸ್ವಲ್ಪದರಲ್ಲೇ ದೇಶದ ಎರಡು ಮೂಲೆಗಳಲ್ಲಿ ಅವನ ಹೆಸರು ನೆಲೆಯೂರಿತು. ಸಿಯಾಟಲ್‌ನಲ್ಲಿ ಫೋರ್ಟ್ ಲಾಟನ್ ಎಂಬ ಸೇನಾ ನೆಲೆ, 1901ರಲ್ಲಿ ಓಕ್ಲಹೋಮಾದಲ್ಲಿ ಲಾಟನ್ ಎಂಬ ಊರು. ಸಿಯಾಟಲ್‌ನ ಫೋರ್ಟ್ ಲಾಟನ್‌ನ ಬಹುಭಾಗ ಈಗ ಡಿಸ್ಕವರಿ ಪಾರ್ಕ್. ಮೈಕ್ರೋಸಾಫ್ಟ್, ಅಮೆಜಾನ್‌ಗಳಲ್ಲಿ ಕೆಲಸ ಮಾಡುವ ನಮ್ಮವರು ಶನಿವಾರ ಭಾನುವಾರ ನಡೆಯಲು ಹೋಗುವ ಜಾಗಗಳಲ್ಲಿ ಅದೂ ಒಂದು. ಇತ್ತ ಜೆರೋನಿಮೊ ಯುದ್ಧಕೈದಿಯಾಗಿಯೇ ಉಳಿದು 1909ರಲ್ಲಿ ಫೋರ್ಟ್ ಸಿಲ್‌ನಲ್ಲಿ ಕೊನೆಯುಸಿರೆಳೆದ. ಅವನ ಸಮಾಧಿ ಅಲ್ಲೇ ಇದೆ, ಬೆನ್ನಟ್ಟಿದವನ ಹೆಸರು ಹೊತ್ತ ಊರಿನ ಪಕ್ಕದಲ್ಲಿ.

ಒಂದೇ ರಾಜ್ಯದೊಳಗೂ ತಬ್ಬಿಬ್ಬು ಮಾಡುವ ಹೆಸರುಗಳಿವೆ. ಅಯೋವಾದಲ್ಲಿ ಫೋರ್ಟ್ ಡಾಡ್ಜ್ ನಗರವೂ ಇದೆ, ಕ್ಯಾಂಪ್ ಡಾಡ್ಜ್ ಎಂಬ ಸೇನಾ ಶಿಬಿರವೂ ಇದೆ. ನಗರದಲ್ಲಿರುವ ಹೆಸರು ಹೆನ್ರಿ ಡಾಡ್ಜ್‌ನದು, ಶಿಬಿರದಲ್ಲಿರುವುದು ಗ್ರೆನ್‌ವಿಲ್ ಡಾಡ್ಜ್‌ನದು. ಆ ನಗರದ ಜಾಗದಲ್ಲಿದ್ದ ಠಾಣೆಗೆ 1850ರಲ್ಲಿ ಇಟ್ಟ ಮೊದಲ ಹೆಸರು ಫೋರ್ಟ್ ಕ್ಲಾರ್ಕ್. ಬೇರೆ ಕಡೆಯೂ ಅದೇ ಹೆಸರಿನ ಠಾಣೆ ಇದ್ದದ್ದರಿಂದ ಗೊಂದಲ ತಪ್ಪಿಸಲು ಬದಲಿಸಿದರು. ಬದಲಿಸಿಟ್ಟ ಹೆಸರಿಗೂ ಮುಂದೆ ಕ್ಯಾನ್ಸಸ್‌ನಲ್ಲಿ ಇನ್ನೊಂದು ಫೋರ್ಟ್ ಡಾಡ್ಜ್ ಹುಟ್ಟಿ ಜೋಡಿಯಾಯಿತು. ಕೌಬಾಯ್ ಕಥೆಗಳ ಪ್ರಸಿದ್ಧ ಡಾಡ್ಜ್ ಸಿಟಿಗೆ ಹೆಸರು ಬಂದದ್ದು ಈ ಕ್ಯಾನ್ಸಸ್‌ನ ನೆಲೆಯಿಂದ.

ಹೆಸರಿಗಾಗಿ ಜನ ಹಟ ಹಿಡಿದದ್ದೂ ಉಂಟು. ಅಮೆರಿಕದ ಗೂಢಚರ್ಯೆಯ ದೊಡ್ಡ ಸಂಸ್ಥೆ ಎನ್‌ಎಸ್‌ಎ ಇರುವುದು ಮೇರಿಲ್ಯಾಂಡ್‌ನ ಫೋರ್ಟ್ ಮೀಡ್‌ನಲ್ಲಿ. 1917ರಲ್ಲಿ ಅದು ಕ್ಯಾಂಪ್ ಮೀಡ್ ಆಗಿತ್ತು. 1928ರಲ್ಲಿ ಸೇನೆ ಅದಕ್ಕೆ ಫೋರ್ಟ್ ಲಿಯೊನಾರ್ಡ್ ವುಡ್ ಎಂದು ಹೊಸ ಹೆಸರಿಟ್ಟಿತು. ಪಕ್ಕದ ಪೆನ್ಸಿಲ್ವೇನಿಯಾದವರು ಕೆರಳಿದರು. ಅವರ ನೆಲದ ಗೆಟಿಸ್‌ಬರ್ಗ್‌ನಲ್ಲಿ 1863ರಲ್ಲಿ ಒಕ್ಕೂಟದ ಸೇನೆಗೆ ಗೆಲುವು ತಂದವನು ಜಾರ್ಜ್ ಮೀಡ್. ಪ್ರತಿಭಟನೆ ಸಂಸತ್ತಿನವರೆಗೆ ಹೋಗಿ 1929ರ ಮಾರ್ಚ್‌ನಲ್ಲಿ ಕಾನೂನಿನ ಮೂಲಕವೇ ಮೀಡ್ ಹೆಸರು ಮರಳಿತು. ಲಿಯೊನಾರ್ಡ್ ವುಡ್ ಹೆಸರು ಮುಂದೆ ಮಿಸ್ಸೂರಿಯ ಇನ್ನೊಂದು ನೆಲೆಗೆ ಹೋಯಿತು. ಫ್ಲೋರಿಡಾದಲ್ಲಿ ಫೋರ್ಟ್ ಮೀಡ್ ಎಂಬ ಪುಟ್ಟ ಊರೂ ಇದೆ. ಅದು ಇದೇ ಮೀಡ್, ಇನ್ನೂ ಎಳೆಯ ಲೆಫ್ಟಿನೆಂಟ್ ಆಗಿದ್ದಾಗಿನದು.

ಈಗ ಅತ್ಯಂತ ಕಗ್ಗಂಟಿನ ಭಾಗ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಲಕ್ಷಗಟ್ಟಲೆ ಹೊಸಬರ ತರಬೇತಿಗೆ ದಿಢೀರನೆ ಶಿಬಿರಗಳು ಬೇಕಾದವು. ಹೆಸರು ಸುತ್ತಲಿನ ಜನಕ್ಕೆ ಅಪ್ರಿಯವಾಗಿರಬಾರದು, ಬರೆಯಲು ಚಿಕ್ಕದಾಗಿರಬೇಕು ಎಂಬುದು ಸೇನೆಯ ಸೂತ್ರ. ದಕ್ಷಿಣದ ರಾಜ್ಯಗಳಲ್ಲಿ ಈ ಸೂತ್ರದಿಂದ ಹೊರಬಂದವು ಕಾನ್ಫೆಡರೇಟ್ ಸೇನಾನಿಗಳ ಹೆಸರುಗಳು. ಗುಲಾಮಗಿರಿ ಉಳಿಸಿಕೊಳ್ಳಲೆಂದು ಒಕ್ಕೂಟದಿಂದ ಸಿಡಿದುಹೋಗಿ 1861ರಿಂದ 1865ರವರೆಗೆ ಇದೇ ಅಮೆರಿಕದ ಸೇನೆಯ ಮೇಲೆ ಯುದ್ಧ ಮಾಡಿದವರು ಇವರು. ವರ್ಜೀನಿಯಾದಲ್ಲಿ ಲೀ, ಜಾರ್ಜಿಯಾದಲ್ಲಿ ಬೆನ್ನಿಂಗ್, ನಾರ್ತ್ ಕ್ಯಾರೊಲಿನಾದಲ್ಲಿ ಬ್ರ್ಯಾಗ್. ಎರಡನೇ ಮಹಾಯುದ್ಧದ ಹೊತ್ತಿಗೆ ಹುಡ್, ಪೋಲ್ಕ್, ಪಿಕೆಟ್, ರಕರ್, ಗಾರ್ಡನ್, ಎ.ಪಿ. ಹಿಲ್ ಸೇರಿಕೊಂಡರು. ಅಲ್ಲೆಲ್ಲ ಕಪ್ಪು ಸೈನಿಕರೂ ತರಬೇತಿ ಪಡೆದರು. ಹೆಸರು ಸುತ್ತಲಿನ ಜನಕ್ಕೆ ಅಪ್ರಿಯವಲ್ಲ ಎಂದು ತೀರ್ಮಾನಿಸುವಾಗ ಆ ಜನರಲ್ಲಿ ಅವರನ್ನು ಯಾರೂ ಎಣಿಸಿರಲಿಲ್ಲ.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ ಎದ್ದ ಪ್ರತಿಭಟನೆಗಳು ಈ ವಿಷಯವನ್ನು ಮುಂದೆ ತಂದವು. ಈ ಹೆಸರುಗಳನ್ನು ತೆಗೆಯಬೇಕೆಂಬ ಅಂಶ ರಕ್ಷಣಾ ಮಸೂದೆಯಲ್ಲಿ ಸೇರಿತು. ಅಧ್ಯಕ್ಷ ಟ್ರಂಪ್ ವೀಟೊ ಹಾಕಿದರು, ಸಂಸತ್ತು 2021ರ ಜನವರಿ 1ರಂದು ಅದನ್ನು ಮೀರಿ ಕಾನೂನು ಮಾಡಿತು. ನಿವೃತ್ತ ಅಡ್ಮಿರಲ್ ಮಿಶೆಲ್ ಹೊವರ್ಡ್ ನೇತೃತ್ವದ ಆಯೋಗ ಒಂಬತ್ತು ನೆಲೆಗಳಿಗೆ ಹೊಸ ಹೆಸರು ಸೂಚಿಸಿತು. ರಕ್ಷಣಾ ಇಲಾಖೆಯ ಸ್ವತ್ತಿನಲ್ಲೆಲ್ಲ ಇಂಥ ಹೆಸರುಗಳನ್ನು ತೆಗೆದು ಬದಲಿಸಲು ಆಯೋಗ ಅಂದಾಜಿಸಿದ ವೆಚ್ಚ 6 ಕೋಟಿ 25 ಲಕ್ಷ ಡಾಲರ್. 2023ರಲ್ಲಿ ಬೋರ್ಡುಗಳು ಬದಲಾದವು.

2025ರಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದಾಗ ಹಳೆಯ ಹೆಸರುಗಳು ಮರಳಿದವು. ಕಾನ್ಫೆಡರೇಟ್ ಸೇನಾನಿಗಳ ಹೆಸರಿಡಲು ಕಾನೂನು ಅಡ್ಡ ಬರುತ್ತದೆ. ಅದಕ್ಕೆ ಕಂಡುಕೊಂಡ ದಾರಿ, ಅದೇ ಅಡ್ಡಹೆಸರಿನ ಬೇರೆ ಸೈನಿಕರನ್ನು ಹುಡುಕುವುದು. ನಾರ್ತ್ ಕ್ಯಾರೊಲಿನಾದ ನೆಲೆ ಸುಮಾರು ಎರಡು ವರ್ಷ ಫೋರ್ಟ್ ಲಿಬರ್ಟಿ ಆಗಿದ್ದು ಮತ್ತೆ ಫೋರ್ಟ್ ಬ್ರ್ಯಾಗ್ ಆಯಿತು. ಆದರೆ ಕಾಗದದ ಮೇಲೆ ಈ ಬ್ರ್ಯಾಗ್ ಜನರಲ್ ಬ್ರ್ಯಾಕ್ಸ್‌ಟನ್ ಬ್ರ್ಯಾಗ್ ಅಲ್ಲ, ಎರಡನೇ ಮಹಾಯುದ್ಧದ ಸಾಮಾನ್ಯ ಸೈನಿಕ ರೋಲಂಡ್ ಬ್ರ್ಯಾಗ್. ಶತ್ರುವಿನ ಆಂಬುಲೆನ್ಸ್ ವಶಪಡಿಸಿಕೊಂಡು ಗಾಯಗೊಂಡ ಸಂಗಾತಿಯನ್ನು ಬೆಲ್ಜಿಯಂನ ಆಸ್ಪತ್ರೆಗೆ ಸೇರಿಸಿದವರು ಅವರು, ಸಿಲ್ವರ್ ಸ್ಟಾರ್ ಪದಕ ಪಡೆದವರು. ಜಾರ್ಜಿಯಾದ ಫೋರ್ಟ್ ಗಾರ್ಡನ್ ಈಗ 1993ರಲ್ಲಿ ಸೋಮಾಲಿಯಾದ ಮೊಗದಿಶುವಿನಲ್ಲಿ ಪ್ರಾಣ ಕೊಟ್ಟ ಗ್ಯಾರಿ ಗಾರ್ಡನ್ ಹೆಸರಿನದು. ಎ.ಪಿ. ಹಿಲ್‌ಗೆ ಒಬ್ಬನೇ ಹೊಂದಿಕೆಯಾಗದೆ ಆ್ಯಂಡರ್ಸನ್, ಪಿನ್, ಹಿಲ್ ಎಂಬ ಮೂವರನ್ನು ಜೋಡಿಸಿದರು. ಮೊದಲ ಇಬ್ಬರ ಇಂಗ್ಲಿಷ್ ಮೊದಲಕ್ಷರಕ್ಕೆ ಮೂರನೆಯವನ ಹೆಸರು ಸೇರಿದರೆ ಅದೇ ಎ.ಪಿ. ಹಿಲ್.

ಈ ಸೈನಿಕರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಈ ವಿಧಾನವನ್ನು ನಾನು ಒಪ್ಪಲಾರೆ. ಇಲ್ಲಿ ಮೊದಲು ಹೆಸರು ನಿಶ್ಚಯವಾಗಿ, ಆಮೇಲೆ ಅದಕ್ಕೆ ಹೊಂದುವ ಮನುಷ್ಯನನ್ನು ಹುಡುಕಲಾಗಿದೆ. ರೋಲಂಡ್ ಬ್ರ್ಯಾಗ್‌ರಷ್ಟೇ ಧೈರ್ಯ ತೋರಿದ, ಬೇರೆ ಅಡ್ಡಹೆಸರಿನ ಸಾವಿರಾರು ಸೈನಿಕರು ಲೆಕ್ಕಕ್ಕೇ ಬರಲಿಲ್ಲ. ಒಬ್ಬರನ್ನು ಗೌರವಿಸುವುದಾದರೆ ಅವರು ಮಾಡಿದ ಕೆಲಸಕ್ಕಾಗಿ ಗೌರವಿಸಬೇಕು.

ಇಷ್ಟೆಲ್ಲ ನಡೆಯುವಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಫೋರ್ಟ್ ಬ್ರ್ಯಾಗ್ ತನ್ನ ಪಾಡಿಗೆ ಇತ್ತು. ಪೆಸಿಫಿಕ್ ಕರಾವಳಿಯಲ್ಲಿ ಸುಮಾರು 7,000 ಜನರ ಪಟ್ಟಣ. ಅಲೆಗಳು ಸವೆಸಿ ನುಣುಪಾಗಿಸಿದ ಗಾಜಿನ ಚೂರುಗಳು ಹರಡಿದ ಗ್ಲಾಸ್ ಬೀಚ್‌ಗೆ ಪ್ರವಾಸಿಗರು ಬರುತ್ತಾರೆ. 1857ರಲ್ಲಿ ಲೆಫ್ಟಿನೆಂಟ್ ಹೊರೇಷಿಯೊ ಗಿಬ್ಸನ್ ಇಲ್ಲಿ ಠಾಣೆ ಹೂಡಿ, ಮೆಕ್ಸಿಕೊ ಯುದ್ಧದ ಕಾಲದ ತನ್ನ ಹಳೆಯ ಮೇಲಧಿಕಾರಿ ಬ್ರ್ಯಾಕ್ಸ್‌ಟನ್ ಬ್ರ್ಯಾಗ್ ಹೆಸರಿಟ್ಟ. ಆಗಿನ್ನೂ ಅಂತರ್ಯುದ್ಧಕ್ಕೆ ನಾಲ್ಕು ವರ್ಷ ಬಾಕಿ. ಬ್ರ್ಯಾಗ್ ಕಾನ್ಫೆಡರೇಟ್ ಜನರಲ್ ಆಗುತ್ತಾನೆಂದು ಹೆಸರಿಟ್ಟವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅಂತರ್ಯುದ್ಧ ಮುಗಿಯುವ ಮೊದಲೇ, 1864ರಲ್ಲಿ ಠಾಣೆ ಮುಚ್ಚಿತು. ಮರದ ವ್ಯಾಪಾರದಿಂದ ಬೆಳೆದ ಊರು ಹೆಸರನ್ನು ಉಳಿಸಿಕೊಂಡು 1889ರಲ್ಲಿ ನಗರವಾಯಿತು.

ಹೆಸರಿಟ್ಟವನ ಮನಸ್ಸಿನಲ್ಲಿ ಕಾನ್ಫೆಡರೇಟ್ ಅಭಿಮಾನ ಇರಲಿಲ್ಲ ಎಂಬುದು ಹೆಸರು ಉಳಿಯಲಿ ಎನ್ನುವವರ ವಾದ. ಆ ಮಾತು ನಿಜ. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಆ ಠಾಣೆ ಹುಟ್ಟಿದ್ದೇ ಮೆಂಡೊಸಿನೊ ಮೀಸಲು ಪ್ರದೇಶಕ್ಕೆ ತಂದು ಕೂಡಿಹಾಕಿದ ಪೊಮೊ ಮತ್ತಿತರ ಮೂಲನಿವಾಸಿಗಳ ಮೇಲೆ ಕಾವಲಿಡಲು. ಬ್ರ್ಯಾಗ್ ಹೆಸರನ್ನು ಪಕ್ಕಕ್ಕಿಟ್ಟರೂ ಫೋರ್ಟ್ ಎಂಬ ಮೊದಲ ಅರ್ಧ ಅವರಿಗೆ ಹಿತವಾದ ನೆನಪಲ್ಲ. 2020ರಲ್ಲಿ ನಗರಸಭೆ ಚರ್ಚೆ ನಡೆಸಿ ನಾಗರಿಕರ ಸಮಿತಿ ರಚಿಸಿತು. ಒಮ್ಮತ ಮೂಡಲಿಲ್ಲ. ಹೀಗೆ 2023ರವರೆಗೆ ಎರಡು ಫೋರ್ಟ್ ಬ್ರ್ಯಾಗ್‌ಗಳ ಹಿಂದೆ ಒಬ್ಬನೇ ಬ್ರ್ಯಾಗ್ ಇದ್ದ, ಈಗ ಇಬ್ಬರು. ನಾರ್ತ್ ಕ್ಯಾರೊಲಿನಾದಲ್ಲೇ ಹುಟ್ಟಿದ ಬ್ರ್ಯಾಕ್ಸ್‌ಟನ್ ಬ್ರ್ಯಾಗ್‌ನ ಹೆಸರು ತವರಿನ ನೆಲೆಯಿಂದ ಅಧಿಕೃತವಾಗಿ ಹೋಗಿ ಪೆಸಿಫಿಕ್ ದಂಡೆಯಲ್ಲಿ ಉಳಿದಿದೆ.

ಫೋರ್ಟ್ ಲೀ ಕಥೆ ಇದಕ್ಕಿಂತ ತಿರುವುಮುರುವು. ನ್ಯೂಜೆರ್ಸಿಯ ಕನ್ನಡಿಗರಿಗೆ ಫೋರ್ಟ್ ಲೀ ಎಂದರೆ ನ್ಯೂಯಾರ್ಕ್‌ಗೆ ದಾಟುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಈಚೆ ತುದಿ, ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವ ಜಾಗ. ಇಲ್ಲಿನ ಲೀ 1776ರ ಸ್ವಾತಂತ್ರ್ಯ ಯುದ್ಧದ ಜನರಲ್ ಚಾರ್ಲ್ಸ್ ಲೀ, ಇಂಗ್ಲೆಂಡಿನಲ್ಲಿ ಹುಟ್ಟಿ ವಸಾಹತುಗಳ ಪರ ನಿಂತವನು. ವರ್ಜೀನಿಯಾದ ಫೋರ್ಟ್ ಲೀ 1917ರಲ್ಲಿ ಕ್ಯಾಂಪ್ ಆಗಿ ಹುಟ್ಟಿದ್ದು ಕಾನ್ಫೆಡರೇಟ್ ಸೇನಾಪತಿ ರಾಬರ್ಟ್ ಇ. ಲೀ ಹೆಸರಿನಲ್ಲಿ. ಇಬ್ಬರಿಗೂ ನೆಂಟಸ್ತಿಕೆಯೇ ಇಲ್ಲ. 2023ರಲ್ಲಿ ಈ ನೆಲೆ ಫೋರ್ಟ್ ಗ್ರೆಗ್-ಆ್ಯಡಮ್ಸ್ ಆಯಿತು. ಜನರಲ್ ಆರ್ಥರ್ ಗ್ರೆಗ್, ಲೆಫ್ಟಿನೆಂಟ್ ಕರ್ನಲ್ ಚಾರಿಟಿ ಆ್ಯಡಮ್ಸ್ ಇಬ್ಬರೂ ಕಪ್ಪು ಅಧಿಕಾರಿಗಳು. ಗ್ರೆಗ್ ಆಗ ಬದುಕಿದ್ದರು, ತಮ್ಮ ಹೆಸರಿನ ಬೋರ್ಡು ಏರುವುದನ್ನು ಕಣ್ಣಾರೆ ಕಂಡರು. ಅದೇ ನೆಲೆಯಲ್ಲಿ, ಸೇನೆಯಲ್ಲಿ ಬಿಳಿಯರನ್ನೂ ಕಪ್ಪುಜನರನ್ನೂ ಬೇರ್ಪಡಿಸಿದ್ದ ಕಾಲದಿಂದ ದುಡಿದವರು ಅವರು. 2024ರಲ್ಲಿ ತೀರಿಕೊಂಡರು. ಮರುವರ್ಷ ನೆಲೆ ಮತ್ತೆ ಫೋರ್ಟ್ ಲೀ ಆಯಿತು.

ಈ ಬಾರಿಯ ಲೀ ಮೂರನೆಯವನು. 1898ರಲ್ಲಿ ಕ್ಯೂಬಾದಲ್ಲಿ ಗುಂಡಿನ ಮಳೆಯ ನಡುವೆ ದಡದಲ್ಲಿ ಸಿಕ್ಕಿಬಿದ್ದ ಗಾಯಾಳುಗಳನ್ನು ಕಾಪಾಡಿ ಮೆಡಲ್ ಆಫ್ ಆನರ್ ಪಡೆದ ಕಪ್ಪು ಸೈನಿಕ ಫಿಟ್ಜ್ ಲೀ. ಇನ್ನೂ ಒಂದು ತೊಡಕಿದೆ. ರಾಬರ್ಟ್ ಇ. ಲೀಯ ಅಣ್ಣನ ಮಗ ಫಿಟ್ಜ್‌ಹ್ಯೂ ಲೀ ಕೂಡ ಕಾನ್ಫೆಡರೇಟ್ ಜನರಲ್, ಅವನನ್ನೂ ಜನ ಫಿಟ್ಜ್ ಲೀ ಎಂದೇ ಕರೆಯುತ್ತಿದ್ದರು. ಹಾಗಾಗಿ ಪೂರ್ತಿ ಹೆಸರು ಬರೆದರೂ ಇದು ಯಾವ ಫಿಟ್ಜ್ ಲೀ ಎಂದು ಬಿಡಿಸಿ ಹೇಳಬೇಕು. ವರ್ಜೀನಿಯಾದ ಈ ನೆಲೆಯ ಬಗ್ಗೆ ಹಳೆಯ ಸುದ್ದಿ ಓದುವವರು ಮೊದಲು ಇಸವಿ ನೋಡುವುದು ಒಳ್ಳೆಯದು. 2023ಕ್ಕೆ ಮುಂಚಿನದಾದರೆ ರಾಬರ್ಟ್, 2025ರ ನಂತರದ್ದಾದರೆ ಫಿಟ್ಜ್.

ಕಾನೂನಾಗಲಿ ಆದೇಶವಾಗಲಿ ತಲುಪುವುದು ನೆಲೆಯ ಗೇಟಿನವರೆಗೆ ಮಾತ್ರ. ಲೂಸಿಯಾನಾದ ಫೋರ್ಟ್ ಪೋಲ್ಕ್ ಮೂಲತಃ ಕಾನ್ಫೆಡರೇಟ್ ಜನರಲ್ ಲಿಯೊನಿಡಸ್ ಪೋಲ್ಕ್‌ನ ಹೆಸರಿನದು. 2023ರಲ್ಲಿ ಅದು ಮೊದಲ ಮಹಾಯುದ್ಧದ ಕಪ್ಪು ವೀರ ಹೆನ್ರಿ ಜಾನ್ಸನ್ ಹೆಸರಿನ ಫೋರ್ಟ್ ಜಾನ್ಸನ್ ಆಯಿತು, 2025ರಲ್ಲಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಜನರಲ್ ಜೇಮ್ಸ್ ಪೋಲ್ಕ್ ಹೆಸರಿನಲ್ಲಿ ಮತ್ತೆ ಫೋರ್ಟ್ ಪೋಲ್ಕ್. ಅದರ ಗೇಟಿನಾಚೆಯ ಪಟ್ಟಣ ಲೀಸ್‌ವಿಲ್. ಅದು ರಾಬರ್ಟ್ ಇ. ಲೀಯ ಹೆಸರಿನ ಊರು. ಫ್ಲೋರಿಡಾದಲ್ಲಿ ಫೋರ್ಟ್ ಮೈಯರ್ಸ್ ಇರುವ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರೂ ಲೀ, ಅದೂ ಅವನದೇ. ಎರಡೂ ಕಡೆ ಹೆಸರು ಹಾಗೇ ಇದೆ. ಅವನ್ನು ಬದಲಿಸುವ ಅಧಿಕಾರ ಪೆಂಟಗನ್‌ಗಿಲ್ಲ. ಅದು ಲೀಸ್‌ವಿಲ್‌ನವರಿಗೆ, ಲೀ ಕೌಂಟಿಯವರಿಗೆ ಮತ್ತು ಅವರವರ ರಾಜ್ಯಗಳಿಗೆ ಬಿಟ್ಟದ್ದು.